ಹಡಗಿನ ಮೇಲಿಂದ ಕಾಣದ ಫ್ಯೋರ್ಡ್

ನಾರ್ವೆಯ ಫ್ಯೋರ್ಡ್‌ಗಳಿಗೆ ಹೋಗಿಬಂದವರ ಬರಹಗಳನ್ನು ಒಂದರ ಹಿಂದೊಂದು ಓದುತ್ತ ಹೋದರೆ ಒಂದು ಸಂಗತಿ ಬೇಗ ಗಮನಕ್ಕೆ ಬರುತ್ತದೆ. ಬರೆದವರು ಬೇರೆ ಬೇರೆ, ಭಾಷೆ ಬೇರೆ ಬೇರೆ, ಆದರೆ ಎಲ್ಲರೂ ಒಂದೇ ಜಾಗದಲ್ಲಿ ನಿಂತು ಬರೆದ ಹಾಗಿರುತ್ತದೆ. ಆ ಜಾಗ ಹಡಗಿನ ಡೆಕ್ಕು. ಎರಡೂ ಬದಿಗೆ ನೀರಿನಿಂದ ನೇರವಾಗಿ ಎದ್ದ ಬಂಡೆ, ಬಂಡೆಯಿಂದ ಜಾರುವ ಜಲಪಾತ, ತುದಿಯಲ್ಲಿ ಉಳಿದ ಹಿಮ, ದಂಡೆಯಲ್ಲಿ ಬೆಂಕಿಪೊಟ್ಟಣದಷ್ಟು ಕಾಣುವ ಕೆಂಪು ಮನೆಗಳು. ಆಮೇಲೆ 'ವರ್ಣಿಸಲು ಪದಗಳೇ ಸಾಲವು' ಎಂಬ ವಾಕ್ಯ. ಪದಗಳು ಸಾಲದೆ ಹೋದದ್ದಕ್ಕೆ ಪ್ರಕೃತಿಯ ವೈಭವವೇ ಕಾರಣವೆಂದು ನಾವು ಒಪ್ಪಿಕೊಂಡುಬಿಡುತ್ತೇವೆ. ಆ ನೋಟ ನಿಂತ ಜಾಗದಲ್ಲೇ ಏನಾದರೂ ಕೊರತೆಯಿದೆಯೇ ಎಂದು ಕೇಳಿಕೊಳ್ಳುವುದಿಲ್ಲ.

ಈ ಪ್ರಶ್ನೆಯನ್ನು ಪ್ರವಾಸ ಕಥನದ ಒಳಗಿನಿಂದ ಉತ್ತರಿಸುವುದು ಕಷ್ಟ. ಅದಕ್ಕೆ ಫ್ಯೋರ್ಡ್ ದಂಡೆಯಲ್ಲಿ ಬದುಕಿದವರು ಬರೆದದ್ದನ್ನು ಓದಬೇಕು. ಅಲ್ಲಿ ಹಡಗು ಇದೆ, ಪ್ರವಾಸಿಯೂ ಇದ್ದಾನೆ. ಆದರೆ ನೋಡುವವರು ಆಚೆ ಕಡೆಯವರು.

ಹೆನ್ರಿಕ್ ಇಬ್ಸೆನ್ 1888ರಲ್ಲಿ ಪ್ರಕಟಿಸಿದ 'ದಿ ಲೇಡಿ ಫ್ರಮ್ ದಿ ಸೀ' ನಾಟಕ ನಡೆಯುವುದು ಬೇಸಿಗೆಯಲ್ಲಿ, ಫ್ಯೋರ್ಡ್ ಬದಿಯ ಒಂದು ಸಣ್ಣ ಊರಿನಲ್ಲಿ. ಊರಿಗೆ ಇಂಗ್ಲಿಷ್ ಪ್ರವಾಸಿ ಹಡಗು ಬರುತ್ತದೆ, ಹೋಗುತ್ತದೆ. ಆ ಕಾಲಕ್ಕಾಗಲೇ ನಾರ್ವೆಯ ಪಶ್ಚಿಮ ತೀರ ಯುರೋಪಿನ ಸಿರಿವಂತರ ಬೇಸಿಗೆಯ ತಾಣವಾಗುತ್ತಿತ್ತು. ಮರುವರ್ಷ, 1889ರಿಂದ, ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ತನ್ನ ಹಡಗಿನಲ್ಲಿ ಬೇಸಿಗೆಗೆ ಬೇಸಿಗೆಗೆ ಬರತೊಡಗಿದ. 1914ರ ಜುಲೈಯಲ್ಲಿ ಮಹಾಯುದ್ಧ ಕವಿದು ಬರುವಾಗಲೂ ಅವನು ಸೊಗ್ನ ಫ್ಯೋರ್ಡಿನ ಬಾಲೆಸ್ಟ್ರಾಂಡ್‌ನಲ್ಲಿದ್ದ. ಫ್ಯೋರ್ಡ್ ನೋಡುವುದು ಒಂದು ಉದ್ಯಮವಾಗುತ್ತಿದ್ದ ಹೊತ್ತಿನಲ್ಲೇ, ನೋಡಿಸಿಕೊಳ್ಳುವವರ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಇಬ್ಸೆನ್ ಕೇಳಿದ.

ನಾಟಕದ ಮೊದಲಿಗೇ ಕಾಣುವ ಬಾಲೆಸ್ಟೆಡ್ ಎಂಬಾತನನ್ನು ವಿಮರ್ಶಕರು ಸಾಮಾನ್ಯವಾಗಿ ಹಾಸ್ಯಪಾತ್ರವೆಂದು ಬದಿಗಿಡುತ್ತಾರೆ. ನನಗೆ ಅವನು ಮುಖ್ಯ. ನಾಟಕ ಕಂಪನಿಯ ಜೊತೆ ಈ ಊರಿಗೆ ಬಂದು ಇಲ್ಲೇ ಉಳಿದವನು. ಚಿತ್ರ ಬರೆಯುತ್ತಾನೆ, ಕ್ಷೌರ ಮಾಡುತ್ತಾನೆ, ನೃತ್ಯ ಕಲಿಸುತ್ತಾನೆ, ಬ್ಯಾಂಡು ನಡೆಸುತ್ತಾನೆ, ಹಡಗು ಬಂದಾಗ ಪ್ರವಾಸಿಗಳಿಗೆ ದಾರಿ ತೋರಿಸುತ್ತಾನೆ. ಹೊಸ ಪರಿಸರಕ್ಕೆ ಒಗ್ಗಿಕೊಳ್ಳಬೇಕು ಎಂಬುದು ಅವನ ಮಂತ್ರ. ಆದರೆ ಒಗ್ಗಿಕೊಳ್ಳುವುದಕ್ಕೆ ಅವನು ಬಳಸುವ ದೊಡ್ಡ ಪರಭಾಷೆಯ ಪದ ನಾಲಿಗೆಯಲ್ಲಿ ತೊಡರುತ್ತದೆ. ಪ್ರವಾಸೋದ್ಯಮ ಒಂದು ಊರಿಗೆ ಏನು ಮಾಡುತ್ತದೆ ಎಂಬುದರ ಪೂರ್ತಿ ವಿವರ ಈ ಒಬ್ಬ ಮನುಷ್ಯನಲ್ಲಿದೆ. ಅವನು ಬರೆಯುತ್ತಿರುವ ಚಿತ್ರವೂ ಅಷ್ಟೇ ಮುಖ್ಯ: ಫ್ಯೋರ್ಡಿನ ದೃಶ್ಯ, ಅದರ ಮುನ್ನೆಲೆಯಲ್ಲಿ ಸಾಯುತ್ತಿರುವ ಮತ್ಸ್ಯಕನ್ಯೆ. ಕಡಲಿನಿಂದ ದಾರಿತಪ್ಪಿ ಒಳಬಂದವಳು, ಹಿಂದಿರುಗುವ ದಾರಿ ಕಾಣದೆ ಸಪ್ಪೆ ಬೆರೆತ ನೀರಿನಲ್ಲಿ ಸಾಯುತ್ತಿದ್ದಾಳೆ. ಪ್ರವಾಸಿ ಕೊಳ್ಳುವ ದೃಶ್ಯದ ನಡುವೆಯೇ ಇಬ್ಸೆನ್ ಒಂದು ಸಾವನ್ನು ತಂದಿಟ್ಟಿದ್ದಾನೆ.

ಆ ಮತ್ಸ್ಯಕನ್ಯೆ ಎಲ್ಲಿಡಾ ಎಂಬುದು ಓದುಗರಿಗೆ ಬೇಗ ತಿಳಿಯುತ್ತದೆ. ದೀಪಸ್ತಂಭ ಕಾಯುವವನ ಮಗಳು, ತೆರೆದ ಕಡಲಿನ ಎದುರು ಬೆಳೆದವಳು, ಈಗ ಡಾಕ್ಟರ್ ವಾಂಗೆಲ್‌ನ ಎರಡನೆಯ ಹೆಂಡತಿ. ದಿನವೂ ಫ್ಯೋರ್ಡಿಗಿಳಿದು ಈಜುತ್ತಾಳೆ, ದಿನವೂ ನೀರನ್ನು ದೂರುತ್ತಾಳೆ: ಇಲ್ಲಿನ ನೀರಿಗೆ ತಾಜಾತನವಿಲ್ಲ, ಇದು ರೋಗ ಹಿಡಿದ ನೀರು. ಇದನ್ನು ಒಬ್ಬ ಅಸ್ವಸ್ಥ ಹೆಂಗಸಿನ ಭ್ರಮೆಯೆಂದೂ ಓದಬಹುದು, ಸಂಕೇತವೆಂದೂ ಓದಬಹುದು. ಆದರೆ ಇದು ಮೊದಲಿಗೆ ಭೂಗೋಳದ ಮಾತು.

ಫ್ಯೋರ್ಡ್ ಎಂದರೆ ಹಿಮನದಿ ಕೊರೆದ ಕಣಿವೆಗೆ ಕಡಲು ನುಗ್ಗಿ ಆದದ್ದು. ಹಿಮ ದಪ್ಪವಾಗಿದ್ದ ಒಳಭಾಗದಲ್ಲಿ ಕೊರೆತ ಹೆಚ್ಚು, ಕಡಲ ಬಾಯಿಯ ಬಳಿ ಕಡಿಮೆ. ಹೀಗಾಗಿ ಸೊಗ್ನ ಫ್ಯೋರ್ಡ್ ಒಳಗೆ 1300 ಮೀಟರಿನಷ್ಟು ಆಳವಿದ್ದರೂ ಬಾಯಿಯ ಬಳಿ ನೀರಿನಡಿಯ ನೆಲ ಎದ್ದು ನಿಂತು ಆಳ ಬಹಳ ಕಡಿಮೆಯಾಗುತ್ತದೆ. ಈ ಎದ್ದ ನೆಲಕ್ಕೆ ನಾರ್ವೆಯ ಭಾಷೆಯಲ್ಲಿ 'ತೆರ್ಸ್ಕೆಲ್' ಎನ್ನುತ್ತಾರೆ. ಅಂದರೆ ಹೊಸ್ತಿಲು. ಮೇಲಿನ ನೀರು ಈ ಹೊಸ್ತಿಲು ದಾಟಿ ಹೋಗಿಬಂದು ಮಾಡುತ್ತದೆ, ನದಿ ಜಲಪಾತಗಳ ಸಿಹಿನೀರು ಅದಕ್ಕೆ ಬೆರೆಯುತ್ತದೆ. ಆಳದ ನೀರು ಮಾತ್ರ ಸುಲಭವಾಗಿ ಬದಲಾಗುವುದಿಲ್ಲ. ಎಲ್ಲಿಡಾ ಹೇಳುವ ನೀರಿನ ರುಚಿ ನಿಜದ್ದೇ. ಅವಳ ಸ್ಥಿತಿಯೂ ಅದೇ. ಮದುವೆ, ಮಲಮಕ್ಕಳು, ಅತಿಥಿಗಳ ಮಾತುಕತೆ ಇವೆಲ್ಲ ಮೇಲುನೀರಿನ ಹರಿದಾಟ. ಆಳದಲ್ಲಿ ಬದಲಾಗದೆ ನಿಂತದ್ದು ಬೇರೆಯೇ ಇದೆ: ಹಿಂದೆ ಉಂಗುರಗಳನ್ನು ಜೋಡಿಸಿ ಕಡಲಿಗೆಸೆದು ತನ್ನನ್ನು ಅವಳಿಗೆ ಕಟ್ಟಿಕೊಂಡು ಹೋದ ನಾವಿಕ, ಕೆಲವೇ ತಿಂಗಳು ಬದುಕಿದ ಕೂಸು. ಇಬ್ಸೆನ್‌ನಲ್ಲಿ ಫ್ಯೋರ್ಡ್ ಹಿನ್ನೆಲೆಯ ಪರದೆಯಲ್ಲ. ನಾಟಕದ ರಚನೆಯೇ ಫ್ಯೋರ್ಡಿನ ರಚನೆ.

ಆ ನಾವಿಕ ಹಿಂದಿರುಗಿ ಬರುವ ರೀತಿಯನ್ನು ಗಮನಿಸಿ. ಅವನು ಬರುವುದು ಅದೇ ಇಂಗ್ಲಿಷ್ ಹಡಗಿನಲ್ಲಿ, ಪ್ರಯಾಣಿಕನ ಉಡುಪಿನಲ್ಲಿ, ಹೆಗಲಿಗೆ ಚೀಲ ತೂಗುಹಾಕಿಕೊಂಡು. ತೋಟದ ಬೇಲಿಯಾಚೆ ನಿಂತಾಗ ಎಲ್ಲಿಡಾ ಮೊದಲು ಅವನನ್ನು ಗುರುತಿಸುವುದೂ ಇಲ್ಲ. ದಂಡೆಯವರಿಗೆ ಪ್ರತಿ ಪ್ರವಾಸಿಯೂ ಹೀಗೇ: ಬಿಟ್ಟುಬಂದ ಬದುಕೊಂದು ಹಿಂದಿರುಗಿ ಬಂದು ಬೇಲಿಯ ಬಳಿ ನಿಂತ ಹಾಗೆ. ಮಲಮಗಳು ಬೊಲೆಟ್ಟೆಯ ನೋವು ಇನ್ನೂ ಸರಳ. ಜಗತ್ತೆಲ್ಲ ತಮ್ಮ ಊರನ್ನು ಹಾದು ಹೋಗುತ್ತದೆ, ತಾವು ಮಾತ್ರ ತೋಟದ ಕೊಳದ ಮೀನುಗಳ ಹಾಗೆ ಇಲ್ಲೇ. ಡೆಕ್ಕಿನ ಮೇಲಿನವರು ದಂಡೆಯ ಮನೆಗಳನ್ನು ನೋಡಿ 'ಇಲ್ಲೇ ಇದ್ದುಬಿಡಬೇಕು' ಎಂದುಕೊಳ್ಳುವ ಹೊತ್ತಿಗೆ, ಆ ಮನೆಗಳ ಕಿಟಕಿಯಿಂದ ಒಬ್ಬ ಹುಡುಗಿ ಹಡಗನ್ನು ನೋಡಿ 'ಹೋಗಿಬಿಡಬೇಕು' ಎಂದುಕೊಳ್ಳುತ್ತಿರುತ್ತಾಳೆ. ಇದು ಕಲ್ಪನೆಯ ಮಾತಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಶುರುವಾಗಿ ಮುಂದಿನ ಶತಮಾನದ ಮೊದಲ ದಶಕಗಳವರೆಗೂ ನಾರ್ವೆಯಿಂದ ಲಕ್ಷಾಂತರ ಜನ ಅಮೆರಿಕಕ್ಕೆ ಹೊರಟರು. ನೋಡಲು ಬರುವ ಹಡಗು, ಬಿಟ್ಟುಹೋಗುವ ಹಡಗು ಎರಡೂ ಒಂದೇ ಕಾಲದವು.

ಕಳೆದ ಬೇಸಿಗೆಯಲ್ಲಿ ನಾವೂ ಮನೆಮಂದಿಯೆಲ್ಲ ಒಂದು ವಾರ ಅಂಥ ಹಡಗಿನಲ್ಲಿ ಹೋಗಿದ್ದೆವು. ಕುಟುಂಬದೊಂದಿಗೆ ಹಡಗಿನಲ್ಲಿ ಹೋಗುವುದರಲ್ಲಿ ಒಂದು ವಿಚಿತ್ರವಿದೆ. ಮನೆಯೇ ನಮ್ಮ ಜೊತೆ ತೇಲುತ್ತಿರುತ್ತದೆ: ಅದೇ ಊಟದ ಹೊತ್ತು, ಅದೇ ಮಾತ್ರೆಯ ಡಬ್ಬಿ, ಅದೇ ಸಣ್ಣ ಮುನಿಸು. ಹೊರಗಿನದು ಕಿಟಕಿಯಲ್ಲಿ ಸರಿಯುವ ಚಿತ್ರ. ಗೈರಾಂಗೆರ್ ಫ್ಯೋರ್ಡಿನಲ್ಲಿ 'ಏಳು ಸೋದರಿಯರು' ಜಲಪಾತದ ಎದುರು ಎಲ್ಲರ ಫೋನುಗಳೂ ಮೇಲೆದ್ದವು. ಬಂಡೆಯ ಮೇಲೆ, ನೀರಿನಿಂದ ಸುಮಾರು 250 ಮೀಟರ್ ಎತ್ತರದಲ್ಲಿರುವ ಸ್ಕಾಗೆಫ್ಲೋ ಎಂಬ ಹಳೆಯ ಹೊಲಮನೆಯ ಬಗ್ಗೆ ಧ್ವನಿವರ್ಧಕ ಒಂದು ತಮಾಷೆ ಹೇಳಿತು: ತೆರಿಗೆ ಕೇಳಲು ಬಂದರೆ ಮನೆಯವರು ಏಣಿ ಮೇಲಕ್ಕೆಳೆದುಕೊಳ್ಳುತ್ತಿದ್ದರಂತೆ. ಎಲ್ಲರೂ ನಕ್ಕರು. ನನ್ನ ಅಮ್ಮ ಮಾತ್ರ ಮೇಲೆ ನೋಡುತ್ತ, "ಅಲ್ಲಿಂದ ಬಸುರಿ ಹೆಂಗಸನ್ನ ಹೆಂಗೆ ಇಳಿಸ್ತಿದ್ರೋ?" ಎಂದಳು.

ನಾನು ಓದಿದ ಯಾವ ಪ್ರವಾಸ ಕಥನದಲ್ಲೂ ಈ ಪ್ರಶ್ನೆ ಸಿಕ್ಕಿಲ್ಲ. ಅದೇ ಡೆಕ್ಕು, ಅದೇ ನೋಟ. ಆದರೆ ಒಂದು ಪ್ರಶ್ನೆಯಿಂದ ದೃಶ್ಯದೊಳಗೆ ಜನ ಬಂದರು. ಉತ್ತರ ಹುಡುಕಿದರೆ ಸಿಗುವುದೂ ಅಂಥದ್ದೇ. ಸ್ಕಾಗೆಫ್ಲೋ 1916ರಲ್ಲಿ ಖಾಲಿಯಾಯಿತು. ಜಲಪಾತದ ಪಕ್ಕದ ಕ್ನಿವ್ಸ್‌ಫ್ಲೋ ಹೊಲಮನೆಯನ್ನು ಬಂಡೆ ಕುಸಿಯುವ ಭಯದಿಂದ 1898ರಲ್ಲೇ ಬಿಟ್ಟುಹೋಗಿದ್ದರು. ಆ ಭಯ ಸುಳ್ಳಲ್ಲ. ಅಲ್ಲಿಗೆ ದೂರವಲ್ಲದ ತಾಫ್ಯೋರ್ಡಿನಲ್ಲಿ 1934ರ ಏಪ್ರಿಲ್‌ನಲ್ಲಿ ಬೆಟ್ಟದ ಒಂದು ಭಾಗ ನೀರಿಗೆ ಕುಸಿದು, ಎದ್ದ ಅಲೆಗೆ 40 ಜನ ಸತ್ತರು. ಓಕ್‌ನೆಸ್ ಬೆಟ್ಟದ ಬಿರುಕನ್ನು ಇಂದಿಗೂ ಉಪಕರಣಗಳಿಟ್ಟು ಕಾಯುತ್ತಾರೆ. ಗೈರಾಂಗೆರ್ ಊರಿನ ಖಾಯಂ ನಿವಾಸಿಗಳು ಸುಮಾರು 250. ಒಂದು ದೊಡ್ಡ ಹಡಗಿನಲ್ಲೇ ಅದರ ಹತ್ತು ಪಟ್ಟು ಜನ ಬರುತ್ತಾರೆ. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಫ್ಯೋರ್ಡಿನ ಚೆಲುವು ಮತ್ತು ಅಪಾಯ ಎರಡಕ್ಕೂ ಕಾರಣ ಅದೇ ಕಡಿದಾದ ಬಂಡೆ. ಕಥನ ಚೆಲುವನ್ನಷ್ಟೇ ಹೇಳಿದರೆ ಅರ್ಧ ಹೇಳಿದಂತೆ.

ಇಬ್ಸೆನ್ ದಂಡೆಯಿಂದ ಹಡಗನ್ನು ನೋಡಿದರೆ, 2023ರಲ್ಲಿ ನೊಬೆಲ್ ಪಡೆದ ಯೂನ್ ಫೊಸ್ಸೆಯ ಬರಹದಲ್ಲಿ ಹಡಗೇ ಇಲ್ಲ. ಹಾರ್ಡಾಂಗೆರ್ ಫ್ಯೋರ್ಡಿನ ದಂಡೆಯ ಸ್ಟ್ರಾಂಡೆಬಾರ್ಮ್‌ನಲ್ಲಿ ಬೆಳೆದ ಫೊಸ್ಸೆ ಬರೆಯುವುದು ನಿನೋರ್ಸ್ಕ್‌ನಲ್ಲಿ, ಅಂದರೆ ಊರೂರಿನ ಆಡುನುಡಿಗಳಿಂದ ಕಟ್ಟಿದ, ಇಬ್ಸೆನ್ ಬರೆಯದ ಇನ್ನೊಂದು ನಾರ್ವೇಜಿಯನ್‌ನಲ್ಲಿ. 2004ರ ಅವನ ಪುಟ್ಟ ಕಾದಂಬರಿ ಇಂಗ್ಲಿಷಿನಲ್ಲಿ 'ಆಲಿಸ್ ಅಟ್ ದಿ ಫೈರ್' ಎಂದು ಬಂದಿದೆ. 2002ರಲ್ಲಿ ಸಿಗ್ನೆ ಎಂಬ ಹೆಂಗಸು ಫ್ಯೋರ್ಡ್ ಬದಿಯ ಹಳೆಯ ಮನೆಯಲ್ಲಿ ಮಲಗಿದ್ದಾಳೆ. 1979ರ ನವೆಂಬರ್‌ನಲ್ಲಿ ಕಿಟಕಿಯ ಬಳಿ ನಿಂತು ಗಂಡ ಆಸ್ಲೆಯ ದಾರಿ ಕಾಯುತ್ತಿರುವ ತನ್ನನ್ನೇ ನೋಡುತ್ತಾಳೆ. ಅವನು ಸಣ್ಣ ದೋಣಿಯಲ್ಲಿ ಹೋದವನು ಹಿಂದಿರುಗಲಿಲ್ಲ. ಅದೇ ದಂಡೆಯಲ್ಲಿ ತಲೆಮಾರುಗಳ ಹಿಂದಿನ ಅಜ್ಜಿ ಬೆಂಕಿ ಹಚ್ಚಿಕೊಂಡು ನಿಂತಿದ್ದಾಳೆ. 1897ರಲ್ಲಿ ಅದೇ ನೀರಿನಲ್ಲಿ ಮುಳುಗಿದ ಏಳು ವರ್ಷದ ಹುಡುಗನ ಹೆಸರೂ ಆಸ್ಲೆಯೇ. ಒಂದೇ ಕೋಣೆ, ಒಂದೇ ಕಿಟಕಿ, ಐದು ತಲೆಮಾರು. ಪೂರ್ಣವಿರಾಮಕ್ಕೆ ನಿಲ್ಲದೆ ಸುತ್ತಿ ಸುತ್ತಿ ಬರುವ ವಾಕ್ಯ.

ಈ ಪುಸ್ತಕದಲ್ಲಿ ದೃಶ್ಯವರ್ಣನೆ ಹುಡುಕಿದರೆ ನಿರಾಶೆಯಾಗುತ್ತದೆ. ಕತ್ತಲೆ, ಮಳೆ, ಗಾಳಿ, ಅಲೆ, ಕಪ್ಪು ನೀರು. ಇಷ್ಟೇ ಪದಗಳು ಮತ್ತೆ ಮತ್ತೆ. ದಿನವೂ ನೋಡುವುದನ್ನು ಯಾರೂ ವರ್ಣಿಸುವುದಿಲ್ಲ, ಹೆಸರು ಹೇಳುತ್ತಾರೆ ಅಷ್ಟೆ. ಡೆಕ್ಕಿನ ಬರಹಗಾರ ವಿಶೇಷಣಗಳನ್ನು ಖರ್ಚು ಮಾಡುತ್ತ 'ಪದಗಳು ಸಾಲವು' ಎನ್ನುತ್ತಾನೆ. ಫೊಸ್ಸೆ ಹತ್ತಿಪ್ಪತ್ತು ಪದಗಳಲ್ಲಿ ಒಂದು ಮನೆತನದ ನೂರು ವರ್ಷವನ್ನು ಹಿಡಿಯುತ್ತಾನೆ. ಪದ ಸಾಲದಿರುವುದು ಪದಗಳ ತಪ್ಪಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕನ್ನಡದ ಓದುಗರಿಗೆ ಇದು ಪೂರ್ತಿ ಹೊಸದೂ ಅಲ್ಲ. ಶರಾವತಿಯ ಹಿನ್ನೀರನ್ನು ನೋಡಿ 'ವಿದೇಶದ ಹಾಗಿದೆ' ಎಂದು ಫೋಟೋ ಹಾಕುವವರು ಬಹಳ. ಆ ನೀರಿನಡಿಯ ಊರುಗಳನ್ನು ಕಾಣಿಸಿದ್ದು ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ'. ಅಲ್ಲಿ ನೀರು ಬಂದದ್ದು ಅಣೆಕಟ್ಟಿನಿಂದ, ಇಲ್ಲಿ ಹಿಮಯುಗದಿಂದ. ಎರಡನ್ನೂ ಒಂದೇ ಎನ್ನುವಂತಿಲ್ಲ. ಆದರೆ ಚೆಂದದ ನೀರನ್ನು ಮನೆಯೊಳಗಿನಿಂದ ನೋಡುವ ಕಥೆ ಬೇಕೇ ಬೇಕು ಎಂಬುದು ಎರಡೂ ಕಡೆ ನಿಜ.

ಹಾಗಾದರೆ ಪ್ರವಾಸಿಯ ನೋಟವೇ ಕೀಳೇ? ಅಷ್ಟು ಸುಲಭವಾಗಿ ತೀರ್ಪು ಕೊಡಲು ಉಲಾವ್ ಹಾ. ಹೇಗೆ ಬಿಡುವುದಿಲ್ಲ. ಹಾರ್ಡಾಂಗೆರ್‌ನ ಉಲ್ವಿಕ್‌ನಲ್ಲಿ ಹುಟ್ಟಿ, ಸೇಬಿನ ತೋಟ ಮಾಡಿಕೊಂಡು 1994ರಲ್ಲಿ ಅಲ್ಲೇ ತೀರಿಕೊಂಡ ಕವಿ ಈತ. ಅವನ ಅತ್ಯಂತ ಪ್ರಸಿದ್ಧ ಕವಿತೆ ಒಂದು ಕನಸಿನ ಕುರಿತದ್ದು: ಮುಚ್ಚಿದ್ದೆಲ್ಲ ತೆರೆದುಕೊಳ್ಳಬೇಕು, ಒಂದು ಬೆಳಿಗ್ಗೆ ತನಗೇ ಗೊತ್ತಿರದ ಒಂದು ಕೊಲ್ಲಿಗೆ ದೋಣಿ ತೇಲಿ ಸೇರಬೇಕು. ಬದುಕಿಡೀ ಒಂದೇ ದಂಡೆಯಲ್ಲಿದ್ದವನ ಆಸೆಯೂ ಕಾಣದ ನೀರಿಗೆ ಹೋಗುವುದೇ. ನಾವು ದುಡ್ಡು ಕೂಡಿಸಿ, ರಜೆ ಹೊಂದಿಸಿ ಹಡಗು ಹತ್ತುವುದರ ಹಿಂದೆಯೂ ಇದೇ ಆಸೆಯಿದೆ, ಅದನ್ನು ಹಂಗಿಸಬೇಕಾಗಿಲ್ಲ. ವ್ಯತ್ಯಾಸ ಒಂದೇ. ಹೇಗೆಯ ದೋಣಿ ಸೇರುವ ಕೊಲ್ಲಿ ಯಾರಿಗೂ ಮೊದಲೇ ಗೊತ್ತಿಲ್ಲ. ನಮ್ಮ ಹಡಗಿನ ಕೊಲ್ಲಿಗೆ ವೇಳಾಪಟ್ಟಿಯಿದೆ, ಅಲ್ಲಿ ಏನು ನೋಡಬೇಕು ಎಂಬುದೂ ಮುಂಚೆಯೇ ತೀರ್ಮಾನವಾಗಿದೆ. ಪ್ರವಾಸ ಕಥನ ಆ ತೀರ್ಮಾನವನ್ನು ಮುರಿಯಬೇಕು. ಮುರಿಯಲು ದೊಡ್ಡ ಸಿದ್ಧಾಂತ ಬೇಡ. ಬಸುರಿಯನ್ನು ಹೇಗೆ ಇಳಿಸುತ್ತಿದ್ದರು ಎಂಬಂಥ ಒಂದು ಪ್ರಶ್ನೆ ಸಾಕು.

ಇಬ್ಸೆನ್‌ನ ನಾಟಕದ ಕೊನೆಗೆ ವಾಂಗೆಲ್ ಹೆಂಡತಿಯನ್ನು ಬಂಧನದಿಂದ ಬಿಡಿಸುತ್ತಾನೆ, ಆಯ್ಕೆ ಅವಳದೆನ್ನುತ್ತಾನೆ. ಸ್ವತಂತ್ರಳಾದ ಕೂಡಲೇ ಎಲ್ಲಿಡಾ ಉಳಿಯುವುದನ್ನು ಆರಿಸಿಕೊಳ್ಳುತ್ತಾಳೆ. ಈ ಮುಕ್ತಾಯ ತೀರ ಅಚ್ಚುಕಟ್ಟಾಯಿತು ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಅಷ್ಟು ಆಳದ ನೀರು ಒಂದು ಮಾತಿಗೆ ಬದಲಾಗುತ್ತದೆಯೇ? ಪಕ್ಕದಲ್ಲೇ ಬೊಲೆಟ್ಟೆ ಊರಿನಿಂದ ಪಾರಾಗಲು ತಾನು ಪ್ರೀತಿಸದ ಹಳೆಯ ಮೇಷ್ಟ್ರನ್ನು ಮದುವೆಯಾಗಲು ಒಪ್ಪಿಕೊಂಡಿರುವುದನ್ನು ನೆನೆದರೆ, ಇಬ್ಸೆನ್ ಸ್ವತಃ ಆ ಸುಖಾಂತವನ್ನು ಪೂರ್ತಿ ನಂಬಿರಲಿಕ್ಕಿಲ್ಲ ಎನಿಸುತ್ತದೆ. ಒಬ್ಬಳಿಗೆ ಉಳಿಯುವ ಸ್ವಾತಂತ್ರ್ಯ ಸಿಕ್ಕಿತು, ಇನ್ನೊಬ್ಬಳು ಹೋಗುವುದಕ್ಕಾಗಿ ಸ್ವಾತಂತ್ರ್ಯವನ್ನೇ ಕೊಟ್ಟಳು.

ಆ ಹೊತ್ತಿಗೆ ಹಡಗು ಹೊರಡುತ್ತಿದೆ. ಅದು ಆ ವರ್ಷದ ಕೊನೆಯ ಪ್ರವಾಸಿ ಹಡಗು. ನಾರ್ವೆ ಈಗ ತನ್ನ ಪಾರಂಪರಿಕ ಫ್ಯೋರ್ಡ್‌ಗಳಿಗೆ ಹೊಗೆಯುಗುಳದ ಹಡಗುಗಳಷ್ಟೇ ಬರಬೇಕೆಂಬ ನಿಯಮ ತಂದಿದೆ. ಸಣ್ಣ ಹಡಗುಗಳಿಗೆ 2026ರಿಂದ, ದೊಡ್ಡವಕ್ಕೆ 2032ರಿಂದ. ನೀರಿನ ಮೇಲಿನ ಗಾಳಿ ತಿಳಿಯಾಗಬಹುದು. ನೋಟ ತಿಳಿಯಾಗಬೇಕಾದರೆ ಬೇರೆ ಕೆಲಸವಿದೆ. ಫ್ಯೋರ್ಡ್‌ಗೆ ಹೊರಟಿರುವ ಗೆಳೆಯರು ಯಾವ ತಿಂಗಳು ಒಳ್ಳೆಯದೆಂದು ಕೇಳಿದರೆ ಎಲ್ಲರೂ ಹೇಳುವ ಹಾಗೆ ನಾನೂ ಜೂನ್ ಎನ್ನುತ್ತೇನೆ. ಆದರೆ ಸಿಗ್ನೆ ಕಿಟಕಿಯ ಬಳಿ ನಿಂತಿರುವುದು ನವೆಂಬರ್‌ನಲ್ಲಿ. ಆಗ ಅಲ್ಲಿಗೆ ಹೋಗಲು ಇರುವ ವಾಹನ ಪುಸ್ತಕವೊಂದೇ.