‘ಅನಿರೀಕ್ಷಿತ’ವೆಂಬ ಪದ: ಒಂಟಾರಿಯೊ ಪರಿಹಾರ ಶಾಸನದ ಒಂದು ವಾಕ್ಯವನ್ನು ಕುರಿತು

ಶಾಸನವೂ ಗದ್ಯವೇ ಆದುದರಿಂದ ಅದರ ಪದಗಳನ್ನು ಕಾವ್ಯದ ಪದಗಳಷ್ಟೇ ಎಚ್ಚರದಿಂದ ಓದಬೇಕಾಗುತ್ತದೆ. ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ 1998ರಲ್ಲಿ ಜಾರಿಗೆ ಬಂದ ಕಾರ್ಮಿಕ ವಿಮಾ ಶಾಸನದಲ್ಲಿದ್ದ ಒಂದು ವಾಕ್ಯವನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ. ಕೆಲಸದಿಂದ ಮನಸ್ಸಿಗೆ ಹಾನಿಯಾದವನು ಪರಿಹಾರ ಪಡೆಯಬೇಕಾದರೆ, ಆ ಹಾನಿಯು ಹಠಾತ್ತಾದ, ಅನಿರೀಕ್ಷಿತವಾದ ಆಘಾತಕರ ಘಟನೆಯೊಂದಕ್ಕೆ ತೋರಿದ ತೀವ್ರ ಪ್ರತಿಕ್ರಿಯೆಯಾಗಿರಬೇಕೆಂದು ಅದು ವಿಧಿಸಿತ್ತು.

ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಅಗ್ನಿಶಾಮಕ ದಳದವನಿಗೆ ಬೆಂಕಿ ಅನಿರೀಕ್ಷಿತವೆ? ಆಂಬುಲೆನ್ಸಿನಲ್ಲಿ ದುಡಿಯುವವನಿಗೆ ಹೆಣ ಅನಿರೀಕ್ಷಿತವೆ? ಅವನ್ನು ನಿರೀಕ್ಷಿಸಿಕೊಂಡಿರುವುದಕ್ಕಾಗಿಯೇ ಅಲ್ಲವೆ ಅವರಿಗೆ ಸಂಬಳ! ಕೆಲಸದಲ್ಲಿ ಕೈ ಮುರಿದುಕೊಂಡವನನ್ನು ‘ಇದು ನಿನಗೆ ಮೊದಲೇ ತಿಳಿದಿರಲಿಲ್ಲವೆ?’ ಎಂದು ಯಾರೂ ಕೇಳುವುದಿಲ್ಲ. ಮನಸ್ಸು ಮುರಿದವನಿಗೆ ಮಾತ್ರ ಆ ಪ್ರಶ್ನೆ. ‘ಹಠಾತ್’ ಎಂಬುದೂ ಅಷ್ಟೇ ತೊಡಕಿನ ಪದ. ನೂರು ಅಪಘಾತಗಳನ್ನು ಕಂಡು ನೂರೊಂದನೆಯದರಲ್ಲಿ ಕುಸಿದುಬಿದ್ದವನು ಯಾವ ದಿನವನ್ನು ಬೆರಳಿಟ್ಟು ತೋರಿಸಬೇಕು? ಶಾಸನವನ್ನು ಅನ್ವಯಿಸುವವರು ಇದನ್ನು ಉದಾರವಾಗಿ ಓದಿದ್ದಿರಬಹುದು; ನಮ್ಮ ಆಕ್ಷೇಪವಿರುವುದು ಪದದ ಮೇಲೆ. ಇಂಗ್ಲಿಷಿನ ‘ಟ್ರಾಮಾ’ ಗಾಯವೆಂಬ ಅರ್ಥದ ಗ್ರೀಕ್ ಪದದಿಂದ ಬಂದುದು; ನಮ್ಮ ‘ಆಘಾತ’ವೂ ದೇಹಕ್ಕೆ, ಮನಸ್ಸಿಗೆ ಸಮವಾಗಿ ಸಲ್ಲುತ್ತದೆ. ಭಾಷೆಯು ಎಣಿಸದ ಭೇದವನ್ನು ಶಾಸನವು ಎಣಿಸಿತು.

2014ರಲ್ಲಿ ಮೇಲ್ಮನವಿ ನ್ಯಾಯಮಂಡಲಿಯು ಈ ನಿರ್ಬಂಧ ಸಮಾನತೆಯ ಹಕ್ಕಿಗೆ ವಿರುದ್ಧವೆಂದು ತೀರ್ಮಾನಿಸಿತು. ಮೊಕದ್ದಮೆ ಒಬ್ಬ ದಾದಿಯದು. ವೈದ್ಯನೊಬ್ಬನ ದುರ್ವರ್ತನೆಯನ್ನು ಆಕೆ 12 ವರ್ಷ ಸಹಿಸಿದ್ದಳು. ಏಪ್ರಿಲ್ 2016ರ ತಿದ್ದುಪಡಿಯಾದರೋ ಇನ್ನೂ ಮುಂದೆ ಹೋಯಿತು. ಪೊಲೀಸರು, ಅಗ್ನಿಶಾಮಕರು, ಸೆರೆಮನೆಯ ಅಧಿಕಾರಿಗಳು ಮೊದಲಾದವರಿಗೆ ಆಘಾತೋತ್ತರ ಮನೋವಿಕಾರವಿದೆಯೆಂದು ಮನೋವೈದ್ಯನೋ ಮನಶ್ಶಾಸ್ತ್ರಜ್ಞನೋ ನಿರ್ಣಯಿಸಿದರೆ, ಅನ್ಯಥಾ ಸಿದ್ಧವಾಗುವವರೆಗೆ, ಅದು ಕೆಲಸದಿಂದಲೇ ಬಂದುದೆಂದು ಭಾವಿಸತಕ್ಕದ್ದು. ಮೇಲಧಿಕಾರಿಯ ಶಿಸ್ತುಕ್ರಮ, ವಜಾ ಮುಂತಾದವುಗಳಿಂದ ಬಂದುದಕ್ಕೆ ಮಾತ್ರ ಇದು ಸಲ್ಲದು. ತುರ್ತು ಕರೆಗಳನ್ನು ಸ್ವೀಕರಿಸುವವರನ್ನೂ ಪಟ್ಟಿಯಲ್ಲಿ ಸೇರಿಸಿದುದು ನಮಗೆ ವಿಶೇಷವಾಗಿ ಮೆಚ್ಚುಗೆಯಾದ ಅಂಶ. ಅವರು ಕಣ್ಣಿಂದ ಏನನ್ನೂ ಕಾಣರು. ಕೇಳಿದುದೂ ಗಾಯಮಾಡಬಲ್ಲುದೆಂಬುದನ್ನು ಶಾಸನಕರ್ತರು ಇಲ್ಲಿ ಗ್ರಹಿಸಿದ್ದಾರೆ.

ಇಷ್ಟು ಗ್ರಹಿಸಿದವರಿಗೆ ದಾದಿಯರು ಕಾಣದೆ ಹೋದುದು ಹೇಗೋ! ಹಳೆಯ ಗೋಡೆಯನ್ನು ಬಿರಿಸಿದ್ದು ಒಬ್ಬ ದಾದಿಯ ದೂರು. ಆದರೆ ರೋಗಿಗಳ ನೇರ ಶುಶ್ರೂಷೆಯಲ್ಲಿರುವ ದಾದಿಯರ ಹೆಸರು ಆ ಪಟ್ಟಿಗೆ ಸೇರಿದ್ದು 2018ರ ಮೇ ತಿಂಗಳಲ್ಲಿ. ಪಟ್ಟಿಯ ಹೊರಗೆ ಉಳಿದವರಿಗೂ ಅದೇ ವರ್ಷದ ಜನವರಿಯಿಂದ ದೀರ್ಘಕಾಲದ ಒತ್ತಡಕ್ಕಾಗಿ ಪರಿಹಾರ ಕೇಳುವ ದಾರಿ ತೆರೆದಿದೆ. ಆದರೆ ಕೆಲಸವೇ ಪ್ರಧಾನ ಕಾರಣವೆಂಬುದು ಅವರ ವಿಷಯದಲ್ಲಿ ಪುರಾವೆಯಿಂದಲೇ ಸಿದ್ಧವಾಗಬೇಕು.