ಶಾಲೆ ಬಿಟ್ಟ ಮೇಲೆ ನಡೆಯುವ ಆಯ್ಕೆ

ಪ್ರತಿಭಾ ಕಾರಂಜಿಯ ಜನಪದ ನೃತ್ಯದಂಥ ಗುಂಪು ಸ್ಪರ್ಧೆಗಳಿಗೆ ಮಲೆನಾಡಿನ ಶಾಲೆಗಳು ಮಕ್ಕಳನ್ನು ಆರಿಸುವ ರೀತಿಯಲ್ಲಿ ಒಂದು ದೋಷವಿದೆ. ತೀರ್ಪುಗಾರರ ಮೇಜಿನ ಮುಂದೆ ಅದು ಬರುವುದೇ ಇಲ್ಲ, ಆದ್ದರಿಂದ ಯಾರ ಗಮನಕ್ಕೂ ಬಂದಿಲ್ಲ. ಕ್ಲಸ್ಟರ್ ಮಟ್ಟದ ಸ್ಪರ್ಧೆ ಹತ್ತಿರವಾದಾಗ ಸಾಮಾನ್ಯವಾಗಿ ಮೊದಲು ಆಯ್ಕೆ, ಆಮೇಲೆ ಕಲಿಕೆ. ಆರಿಸುವಾಗ ಕಣ್ಣಿಗೆ ಬೀಳುವವರು ಈಗಾಗಲೇ ಕುಣಿಯಬಲ್ಲವರು, ಕಳೆದ ವರ್ಷ ತಂಡದಲ್ಲಿದ್ದವರು, ಸಂಜೆ ಉಳಿಯಬಲ್ಲವರು. ಈ ಮೂರನೆಯ ಅರ್ಹತೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಂಗಡಹಳ್ಳದಂಥ ಕಡೆ ಅದೇ ನಿರ್ಣಾಯಕ.

ಸಕಲೇಶಪುರ ತಾಲ್ಲೂಕಿನ ಈ ಅಂಚಿನಲ್ಲಿ ಮನೆಗಳು ತೋಟ, ಗದ್ದೆ, ಕಾಡಿನ ನಡುವೆ ಚದುರಿಕೊಂಡಿವೆ. ಸ್ಪರ್ಧೆಯ ತಯಾರಿ ಬಹುಮಟ್ಟಿಗೆ ಬೀಳುವುದು ಮಳೆಗಾಲದಲ್ಲೇ. ಅಂಗಳ ಕೆಸರು, ಬೆಳಕು ಬೇಗ ಮುಗಿಯುತ್ತದೆ. ಅದರ ಮೇಲೆ ಆನೆ. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಆಲೂರು, ಸಕಲೇಶಪುರಗಳ ತೋಟದ ದಾರಿಗಳಲ್ಲಿ ಸಂಜೆಯ ಅಳುಕು ಹೋಗಿಲ್ಲ. ಶಾಲೆಯ ಪಕ್ಕದಲ್ಲೇ ಮನೆಯಿರುವ, ಇಲ್ಲವೇ ಅಪ್ಪ ಬೈಕು ತಂದು ಕಾಯುವ ಹುಡುಗಿ ಐದೂವರೆಯವರೆಗೆ ಹೆಜ್ಜೆ ತಿದ್ದಿಕೊಳ್ಳುತ್ತಾಳೆ. ಕಾಫಿ ತೋಟದ ಲೈನ್ ಮನೆಯ ಹುಡುಗಿ ಗಂಟೆ ಹೊಡೆದ ಕೂಡಲೇ ಜೊತೆಗಾರರ ಹಿಂದೆ ಓಡಬೇಕು. ಶಾಲೆಯ ಲೆಕ್ಕದಲ್ಲಿ ಅವಳಿಗೆ ಆಸಕ್ತಿಯಿಲ್ಲ. ತಾಲ್ಲೂಕು ಮಟ್ಟದ ವೇದಿಕೆಯ ಮೇಲೆ ನಾವು ಪ್ರತಿಭೆ ಎಂದು ಚಪ್ಪಾಳೆ ತಟ್ಟುವುದರಲ್ಲಿ ಮನೆಗಿರುವ ದೂರದ ಪಾಲೂ ಇದೆ.

ಇದಕ್ಕೊಂದು ಮದ್ದು ಅನಿರೀಕ್ಷಿತ ಕಡೆಯಿಂದ ಸಿಗುತ್ತದೆ: ಅಮೆರಿಕದ ಶಾಲೆಗಳ ಚಿಯರ್‌ಲೀಡಿಂಗ್. ನಮ್ಮಲ್ಲಿ ಆ ಹೆಸರು ಕೇಳಿದರೆ ನೆನಪಾಗುವುದು 2008ರ ಐಪಿಎಲ್, ವಾಷಿಂಗ್ಟನ್ನಿನಿಂದ ಬೆಂಗಳೂರು ತಂಡಕ್ಕಾಗಿ ಬಂದ ನರ್ತಕಿಯರು, ಆಗ ಎದ್ದ ಗದ್ದಲ. ಆದರೆ 1898ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಪ್ರೇಕ್ಷಕರಿಂದ ಘೋಷಣೆ ಕೂಗಿಸಿ ಇದನ್ನು ಶುರುಮಾಡಿದವನು ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ. ಮೊದಲ ತಂಡಗಳಲ್ಲಿ ಇದ್ದವರು ಗಂಡಸರೇ. 2021ರಲ್ಲಿ ಇದರ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆಯೂ ಸಿಕ್ಕಿತು. ನನ್ನ ಆಸಕ್ತಿ ಆ ಮೆರುಗಿನಲ್ಲಿಲ್ಲ, ತಂಡ ಕಟ್ಟುವ ಕ್ರಮದಲ್ಲಿದೆ. ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಹೆಸರು ಕೊಟ್ಟವರಿಗೆಲ್ಲ ಕೆಲವು ದಿನ ಒಂದೇ ಘೋಷಣೆ, ಒಂದೇ ನೃತ್ಯ ಕಲಿಸಿ, ಕಲಿಸಿದ್ದನ್ನೇ ಮಾಡಿಸಿ ಅಂಕ ಹಾಕುತ್ತಾರೆ. ಅಲ್ಲೂ ದುಡ್ಡು ಕೊಟ್ಟು ಲಾಗ ಹಾಕಲು ಕಲಿತು ಬಂದ ಮಕ್ಕಳಿಗೆ ಅನುಕೂಲ ಹೆಚ್ಚು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಕಲಿಕೆ ಮೊದಲು, ಆಯ್ಕೆ ಆಮೇಲೆ ಎಂಬ ಕ್ರಮದಲ್ಲಿ ಹೊಸಬರಿಗೊಂದು ಬಾಗಿಲಿದೆ.

ನಮ್ಮ ಸುಗ್ಗಿ ಕುಣಿತವಿರುವಾಗ ಪರದೇಶದ ಮಾದರಿ ಯಾಕೆ ಎಂದು ಕೇಳಬಹುದು. ಸುಗ್ಗಿಯಲ್ಲಿ ಎಳೆಯರು ಹಿರಿಯರ ಹಿಂದೆ ನಿಂತು ನೋಡುತ್ತ, ಹೆಜ್ಜೆ ತಪ್ಪುತ್ತ ಕಲಿಯುತ್ತಾರೆ ಎಂಬುದು ನಿಜ. ಆದರೆ ಅಲ್ಲಿ ತಂಡಕ್ಕೆ ಸಂಖ್ಯೆಯ ಮಿತಿಯಿಲ್ಲ, ಯಾರನ್ನೂ ಹೊರಗಿಡಬೇಕಾಗಿಲ್ಲ. ಸ್ಪರ್ಧೆಯಲ್ಲಿ ಹೊರಗಿಡಲೇಬೇಕು, ಹಾಗೆ ಹೊರಗಿಡುವುದಕ್ಕೆ ಊರಿನ ಹಬ್ಬದಲ್ಲಿ ಕ್ರಮ ಹುಡುಕಿದರೆ ಸಿಗದು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಇರುವ ಶಿಕ್ಷಕರೇ ಕಡಿಮೆ, ಎಲ್ಲರಿಗೂ ಕಲಿಸಲು ಹೊತ್ತೆಲ್ಲಿ? ಆದರೆ ಈಗಿನ ಪದ್ಧತಿಯಲ್ಲೂ ಯಾರೋ ಒಬ್ಬ ಶಿಕ್ಷಕಿ ವಾರಗಟ್ಟಲೆ ಸಂಜೆ ಉಳಿಯುತ್ತಿದ್ದಾರೆ. ಅದರಲ್ಲೊಂದಿಷ್ಟನ್ನು ಆಟದ ಪೀರಿಯಡ್ಡಿಗೋ ತಿಂಗಳಿಗೊಮ್ಮೆ ಬರುವ ಬ್ಯಾಗಿಲ್ಲದ ಸಂಭ್ರಮ ಶನಿವಾರಕ್ಕೋ ಸರಿಸಿ, ನಾಲ್ಕೈದು ಸರಳ ಹೆಜ್ಜೆಗಳನ್ನು ಇಡೀ ತರಗತಿಗೆ ಕಲಿಸಲು ಬೇರೆ ನೃತ್ಯಗುರು ಬೇಕಿಲ್ಲ. ಯೂಟ್ಯೂಬಿನ ಕುಣಿತವನ್ನು ಹಾಗೇ ಎತ್ತಿಕೊಂಡು, ಬಾಡಿಗೆ ವೇಷ ತೊಡಿಸಿ, ಮೂವರು ನುರಿತ ಹುಡುಗಿಯರನ್ನು ಮುಂದೆ ನಿಲ್ಲಿಸಿ ಉಳಿದವರನ್ನು ಹಿಂದೆ ಅಡಗಿಸುವ ಚಾಳಿಗೂ ಇದರಿಂದ ಸ್ವಲ್ಪ ಕಡಿವಾಣ ಬೀಳುತ್ತದೆ.

ಬಹುಮಾನ ಕೈತಪ್ಪಿದರೆ? ಎರಡು ನಿಮಿಷ ಕುಣಿದು ತೋರಿಸಿದ ಮಗುವಿಗೆ ಏನು ಗೊತ್ತಿದೆ ಎಂಬುದಷ್ಟೇ ತಿಳಿಯುತ್ತದೆ. ಒಂದು ವಾರ ಕಲಿಸಿದಾಗ ಯಾರು ಬೇಗ ತಿದ್ದಿಕೊಳ್ಳುತ್ತಾರೆ, ಯಾರು ಪಕ್ಕದವಳ ತಾಳಕ್ಕೆ ಹೊಂದುತ್ತಾರೆ ಎಂಬುದೂ ಕಾಣುತ್ತದೆ. ಗುಂಪು ಕುಣಿತಕ್ಕೆ ಬೇಕಾದ ಗುಣ ಈ ಎರಡನೆಯದು. ಇಷ್ಟೆಲ್ಲ ಮಾಡಿದ ಮೇಲೂ ಕಳೆದ ವರ್ಷದವರೇ ಆಯ್ಕೆಯಾಗಬಹುದು, ಆಗಲಿ. ಸ್ಪರ್ಧೆಯ ಹಿಂದಿನ ದಿನ ತಂಡದಲ್ಲೊಬ್ಬಳಿಗೆ ಜ್ವರ ಬಂದರೆ, ಆ ಮಳೆಯಲ್ಲಿ ಬಾರದಿದ್ದರೇ ಆಶ್ಚರ್ಯ, ಅವಳ ಜಾಗಕ್ಕೆ ಹೆಜ್ಜೆ ಗೊತ್ತಿರುವ ಮಗುವನ್ನು ಹುಡುಕಿಕೊಂಡು ಹೋಗಬೇಕಾಗುವುದಿಲ್ಲ.