ಯಾರ ಮುಖ, ಯಾರ ದನಿ

‘ಮೈ ಫೇರ್ ಲೇಡಿ’ (1964) ಚಿತ್ರದಲ್ಲಿ ಪ್ರೊಫೆಸರ್ ಹಿಗಿನ್ಸ್ ಪಾತ್ರದ ರೆಕ್ಸ್ ಹ್ಯಾರಿಸನ್ ಹಾಡುವಾಗಲೆಲ್ಲ ಅವರ ಟೈಯೊಳಗೆ ತಂತಿಯಿಲ್ಲದ ಪುಟ್ಟ ಮೈಕೊಂದು ಅಡಗಿರುತ್ತಿತ್ತು. ಹಾಡನ್ನು ಮೊದಲೇ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿ, ಚಿತ್ರೀಕರಣದ ಹೊತ್ತಿಗೆ ಅದಕ್ಕೆ ತುಟಿಯಾಡಿಸುವುದು ಹಾಲಿವುಡ್‌ನ ವಾಡಿಕೆ. ಹ್ಯಾರಿಸನ್ ಒಪ್ಪಲಿಲ್ಲ. 1956ರಿಂದ ನ್ಯೂಯಾರ್ಕಿನಲ್ಲೂ ಆಮೇಲೆ ಲಂಡನ್ನಿನಲ್ಲೂ ಅದೇ ಪಾತ್ರವನ್ನು ರಂಗದ ಮೇಲೆ ಆಡಿ ಬಂದವರು ಅವರು. ಮಾತಿಗೂ ಹಾಡಿಗೂ ನಡುವೆ ಎಲ್ಲೋ ನಿಲ್ಲುವ ಆ ಶೈಲಿಯನ್ನು ಒಂದು ಸಲ ಹೇಳಿದ ಹಾಗೆ ಇನ್ನೊಂದು ಸಲ ಹೇಳಲಾರೆ ಎಂಬುದು ಅವರ ವಾದವಾಗಿತ್ತು. ಹೀಗಾಗಿ ಅವರ ಹಾಡುಗಾರಿಕೆ ಸೆಟ್ಟಿನಲ್ಲೇ, ಕ್ಯಾಮೆರಾ ಓಡುತ್ತಿದ್ದಾಗಲೇ ದಾಖಲಾಯಿತು. ಎದುರಿಗೆ ಆಡ್ರಿ ಹೆಪ್‌ಬರ್ನ್. ಆಕೆಯ ತುಟಿಗಳು ಅಲುಗುತ್ತವೆ, ಕತ್ತಿನ ನರ ಉಬ್ಬುತ್ತದೆ. ಕೇಳಿಸುವ ದನಿ ಮಾತ್ರ ಬಹುಪಾಲು ಮಾರ್ನಿ ನಿಕ್ಸನ್ ಎಂಬ ಗಾಯಕಿಯದು. ಒಂದೇ ಚೌಕಟ್ಟಿನಲ್ಲಿ ಒಬ್ಬರು ಉಸಿರಾಡುತ್ತಿದ್ದಾರೆ, ಇನ್ನೊಬ್ಬರು ಬೇರೆಯವರ ಉಸಿರಿಗೆ ಮುಖ ಕೊಡುತ್ತಿದ್ದಾರೆ.

ಬ್ರಾಡ್‌ವೇಯ ಸಂಗೀತ ನಾಟಕಗಳನ್ನು ಹಾಲಿವುಡ್ ತೆರೆಗೆ ತಂದ ಪರಂಪರೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ದೃಶ್ಯ ನನಗೆ ಸಿಕ್ಕಿಲ್ಲ. ‘ಓಕ್ಲಹೋಮಾ!’ (1955) ಚಿತ್ರದಿಂದ ‘ಕ್ಯಾಬರೆ’ (1972) ತನಕದ ಕಾಲದಲ್ಲಿ ಈ ಚಿತ್ರಗಳು ಹಣ, ಪ್ರಶಸ್ತಿ, ಜನಪ್ರೀತಿ ಎಲ್ಲವನ್ನೂ ಬಾಚಿಕೊಂಡವು. ಅವುಗಳಲ್ಲಿ ದೊಡ್ಡ ಕೃತಿಗಳೂ ಇವೆ, ದುಡ್ಡಿನ ಭಾರಕ್ಕೇ ಕುಸಿದವೂ ಇವೆ. ಹಾಡು ಎಲ್ಲಿಂದ ಹುಟ್ಟುತ್ತದೆ, ಯಾರ ಮೈಯಿಂದ ಹುಟ್ಟುತ್ತದೆ ಎಂಬ ಪ್ರಶ್ನೆಯನ್ನು ಎದುರಿಸಿದ ಚಿತ್ರಗಳು ಇಂದಿಗೂ ಜೀವಂತವಾಗಿವೆ. ಆ ಪ್ರಶ್ನೆಯನ್ನು ಮುಚ್ಚಿಟ್ಟವು ಎಷ್ಟೇ ಚೆಲುವಾಗಿದ್ದರೂ ತಣ್ಣಗಿವೆ.

ರಂಗಭೂಮಿಗೆ ಈ ಪ್ರಶ್ನೆ ಇಲ್ಲ. ನಟ ಜನರ ಕಡೆ ತಿರುಗಿ ನಿಂತು ಹಾಡುತ್ತಾನೆ, ಕೆಳಗೆ ವಾದ್ಯವೃಂದ ಕಣ್ಣಿಗೇ ಕಾಣುತ್ತದೆ, ಹಾಡು ಮುಗಿದೊಡನೆ ಚಪ್ಪಾಳೆ. ಕ್ಯಾಮೆರಾ ಮುಖದ ಹತ್ತಿರ ಬಂದಾಗ ಲೆಕ್ಕ ತಪ್ಪುತ್ತದೆ. ಬಾಲ್ಕನಿಯ ಕೊನೆಯ ಸಾಲನ್ನು ಮುಟ್ಟಲು ತೆಗೆದ ಕಂಠ ನಾಲ್ಕಡಿ ದೂರದಲ್ಲಿ ಅಬ್ಬರವಾಗುತ್ತದೆ. ಬೀದಿ ನಿಜದ್ದಾದರೆ ಅಲ್ಲಿ ಪಿಟೀಲು ಎಲ್ಲಿಂದ ಬಂತು ಎಂಬ ಅನುಮಾನ ಏಳುತ್ತದೆ. 1943ರಲ್ಲಿ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಜೋಡಿಯ ‘ಓಕ್ಲಹೋಮಾ!’ ನಾಟಕ ಹಾಡು, ಕುಣಿತ, ಕಥೆ ಮೂರನ್ನೂ ಒಂದೇ ಎಳೆಯಲ್ಲಿ ಹೆಣೆದು ಗೆದ್ದಿತು. ಹನ್ನೆರಡು ವರ್ಷದ ನಂತರ ಅದು ಟಾಡ್-ಎಒ ಎಂಬ ಅಗಲ ತೆರೆಯ ಹೊಸ ತಂತ್ರದಲ್ಲಿ ಸಿನಿಮಾ ಆಯಿತು. ಚಿತ್ರೀಕರಣ ನಡೆದದ್ದು ಅರಿಜೋನಾದಲ್ಲಿ. ಆಕಾಶ ದೊಡ್ಡದಾಯಿತು, ಜೋಳದ ಹೊಲ ನಿಜವಾಯಿತು. ನಾಟಕದ ಒಳಗಿನ ಬಿಗಿ ಮಾತ್ರ ಆ ಅಗಲದಲ್ಲಿ ಸಡಿಲಾಯಿತು. ಆಮೇಲೆ ಬಂದ ಅನೇಕ ಚಿತ್ರಗಳ ಹಣೆಬರಹ ಅದೇ. ಟಿಕೆಟ್ ಮುಂಗಡ ಕಾದಿರಿಸಿ, ಆರಂಭದಲ್ಲಿ ಬರೀ ಸಂಗೀತ ಕೇಳಿ, ನಡುವೆ ವಿರಾಮ ಪಡೆದು ನೋಡುವ ‘ರೋಡ್‌ಶೋ’ ಪದ್ಧತಿಯಲ್ಲಿ ಇವು ಬಿಡುಗಡೆಯಾಗುತ್ತಿದ್ದವು. ಚಿತ್ರಮಂದಿರ ತಾನು ನಾಟಕಶಾಲೆ ಎಂದು ಹೇಳಿಕೊಳ್ಳಲು ಹೆಣಗುತ್ತಿತ್ತು.

ನಮ್ಮ ಪ್ರೇಕ್ಷಕರಿಗೆ ಪಿಟೀಲು ಎಲ್ಲಿಂದ ಬಂತು ಎಂಬ ಅನುಮಾನ ಎಂದೂ ಕಾಡಿಲ್ಲ. ಕಂಪನಿ ನಾಟಕದಲ್ಲಿ ಹಾಡುವುದೇ ನಟನ ಮೊದಲ ಅರ್ಹತೆ. ಒನ್ಸ್ ಮೋರ್ ಎಂದು ಜನ ಕೂಗಿದರೆ ರಾಜನೂ ರಾಕ್ಷಸನೂ ಕಥೆ ನಿಲ್ಲಿಸಿ ಮತ್ತೆ ಹಾಡುತ್ತಿದ್ದರು. ಸಿನಿಮಾ ಬಂದ ಮೇಲೆ ಮುಖ ಮತ್ತು ದನಿ ಇಲ್ಲಿಯೂ ಬೇರೆಯಾದವು. ಶುರುವಿನಲ್ಲಿ ಇಲ್ಲಿಯೂ ಮುಚ್ಚುಮರೆ ಇತ್ತು: ‘ಮಹಲ್’ (1949) ಚಿತ್ರದ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಲತಾ ಮಂಗೇಶ್ಕರ್ ಹೆಸರಿನ ಬದಲು ಪಾತ್ರದ ಹೆಸರು ಅಚ್ಚಾಗಿತ್ತು. ಆದರೆ ಬೇಗನೆ ಹಿನ್ನೆಲೆ ಗಾಯನ ತನ್ನದೇ ಮರ್ಯಾದೆಯ ವೃತ್ತಿಯಾಯಿತು. ರಾಜ್‌ಕುಮಾರ್ ಮುಖಕ್ಕೆ ಪಿ.ಬಿ. ಶ್ರೀನಿವಾಸ್ ದನಿ ಎಂಬುದು ಕನ್ನಡಿಗರಿಗೆ ಗುಟ್ಟಾಗಿರಲಿಲ್ಲ, ಜನ ಇಬ್ಬರನ್ನೂ ಒಟ್ಟಿಗೆ ಪ್ರೀತಿಸಿದರು. ಕಂಪನಿ ನಾಟಕದಲ್ಲಿ ಬೆಳೆದ ರಾಜ್ ‘ಸಂಪತ್ತಿಗೆ ಸವಾಲ್’ (1974) ಚಿತ್ರದಿಂದ ಆಚೆಗೆ ತಾವೇ ಹಾಡತೊಡಗಿದಾಗಲೂ ಹಳೆಯ ಜೋಡಿಗೆ ಕಳಂಕ ತಟ್ಟಲಿಲ್ಲ. ಎರವಲು ದನಿ ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ಮುಚ್ಚಿಡುವ ಹಟ ಕಲೆಗೂ ಕಲಾವಿದರಿಗೂ ಏನು ಮಾಡುತ್ತದೆ ಎಂಬುದು ನನ್ನ ಚಿಂತೆ.

ಮಾರ್ನಿ ನಿಕ್ಸನ್ ‘ದಿ ಕಿಂಗ್ ಅಂಡ್ ಐ’ (1956) ಚಿತ್ರದಲ್ಲಿ ಡೆಬೊರಾ ಕೆರ್ ಅವರಿಗೆ, ‘ವೆಸ್ಟ್ ಸೈಡ್ ಸ್ಟೋರಿ’ (1961) ಚಿತ್ರದಲ್ಲಿ ನ್ಯಾಟಲಿ ವುಡ್ ಅವರಿಗೆ, ‘ಮೈ ಫೇರ್ ಲೇಡಿ’ಯಲ್ಲಿ ಹೆಪ್‌ಬರ್ನ್ ಅವರಿಗೆ ಹಾಡಿದರು. ತೆರೆಯ ಮೇಲೆ ಅವರ ಹೆಸರು ಬರಲಿಲ್ಲ. ಕೆರ್ ದೊಡ್ಡ ಮನಸ್ಸಿನಿಂದ ಸತ್ಯವನ್ನು ಬಹಿರಂಗವಾಗಿ ಹೇಳಿದರು. ನ್ಯಾಟಲಿ ವುಡ್ ತಮ್ಮದೇ ದನಿ ಉಳಿಯುತ್ತದೆಂದು ನಂಬಿ ಚಿತ್ರೀಕರಣ ಮುಗಿಸಿದ್ದರು. ನಂಬಿಸಿದ್ದು ನಿರ್ಮಾಪಕರ ಕಡೆಯವರು. ‘ವೆಸ್ಟ್ ಸೈಡ್ ಸ್ಟೋರಿ’ಯ ಧ್ವನಿಮುದ್ರಿಕೆಯಿಂದ ಬರುವ ತಮ್ಮ ಪಾಲಿನ ಚೂರನ್ನು ಸಂಗೀತಗಾರ ಲೆನಾರ್ಡ್ ಬರ್ನ್‌ಸ್ಟೈನ್ ನಿಕ್ಸನ್‌ಗೆ ಬಿಟ್ಟುಕೊಟ್ಟರು. ಇಬ್ಬರು ಹೆಂಗಸರಿಗೆ ಒಟ್ಟಿಗೆ ಆದ ಅನ್ಯಾಯ ಇದು: ಒಬ್ಬಳಿಗೆ ಹೆಸರಿಲ್ಲ, ಇನ್ನೊಬ್ಬಳ ಶ್ರಮಕ್ಕೆ ಬೆಲೆಯಿಲ್ಲ. ಮುಖಕ್ಕೊಂದು ಮಾರುಕಟ್ಟೆ, ಕಂಠಕ್ಕೊಂದು ಮಾರುಕಟ್ಟೆ ಎಂದು ಸ್ಟುಡಿಯೋ ಮನುಷ್ಯರನ್ನು ಎರಡಾಗಿ ಸೀಳಿತು.

ಈ ಸೀಳು ಬಣ್ಣದ ವಿಷಯಕ್ಕೆ ಬಂದಾಗ ಇನ್ನೂ ಕ್ರೂರ. ‘ಶೋ ಬೋಟ್’ 1951ರಲ್ಲಿ ಮತ್ತೆ ಚಿತ್ರವಾದಾಗ, ಬಿಳಿಯಳೆಂದು ತೋರಿಸಿಕೊಂಡು ಬದುಕುವ ಮಿಶ್ರ ರಕ್ತದ ಜೂಲಿಯ ಪಾತ್ರ ಲೀನಾ ಹಾರ್ನ್ ಎಂಬ ಕಪ್ಪು ಗಾಯಕಿಗೆ ದಕ್ಕಲಿಲ್ಲ. ಅದು ಆವಾ ಗಾರ್ಡ್ನರ್ ಪಾಲಾಯಿತು. ಗಾರ್ಡ್ನರ್ ದನಿಯನ್ನೂ ತೆಗೆದು ಚಿತ್ರದಲ್ಲಿ ಬೇರೊಬ್ಬ ಗಾಯಕಿಯ ದನಿ ಇಟ್ಟರು. ವರ್ಣಭೇದದ ನೋವನ್ನು ಹಾಡುವ ನಾಟಕ ತೆರೆಗೆ ಬರುವಾಗ ಅದೇ ಭೇದಕ್ಕೆ ತಲೆಬಾಗಿತು.

ಮತ್ತೆ ‘ಮೈ ಫೇರ್ ಲೇಡಿ’ಗೆ ಬರೋಣ. ವಾರ್ನರ್ ಸಂಸ್ಥೆ ಈ ನಾಟಕದ ಹಕ್ಕಿಗೇ 55 ಲಕ್ಷ ಡಾಲರ್ ಸುರಿದಿತ್ತು. ಬ್ರಾಡ್‌ವೇಯಲ್ಲಿ 2,717 ಪ್ರದರ್ಶನ ಕಂಡ ನಾಟಕ. ಅದರ ನಾಯಕಿ ಎಲೈಜಾಳ ಪಾತ್ರವನ್ನು ಮೊದಲು ಆಡಿದವರು ಜೂಲಿ ಆಂಡ್ರ್ಯೂಸ್. ಆಕೆಯ ಮುಖ ಸಿನಿಮಾ ಮಂದಿಗೆ ಪರಿಚಯವಿಲ್ಲವೆಂದು ಜಾಕ್ ವಾರ್ನರ್ ಹೆಪ್‌ಬರ್ನ್ ಅವರನ್ನು ಕರೆತಂದರು. ಹೆಪ್‌ಬರ್ನ್ ಕಷ್ಟಪಟ್ಟು ಅಭ್ಯಾಸ ಮಾಡಿ ಹಾಡುಗಳನ್ನು ಧ್ವನಿಮುದ್ರಿಸಿಯೂ ಇದ್ದರು; ಅದರಲ್ಲಿ ಉಳಿದದ್ದು ಅಲ್ಲೊಂದು ಇಲ್ಲೊಂದು ತುಣುಕು. ಹಿಗಿನ್ಸ್ ಮೇಲಿನ ಸಿಟ್ಟಿನಲ್ಲಿ ಎಲೈಜಾ ಒಬ್ಬಳೇ ಹಾಡುವ ಹಾಡಿನ ಮೊದಲ ಭಾಗದಲ್ಲಿ ಕೇಳುವುದು ಹೆಪ್‌ಬರ್ನ್ ದನಿಯೇ. ಒರಟು, ಗಂಟಲಿಗೆ ತಾಗುವ, ಬೀದಿಯ ಹುಡುಗಿಯ ದನಿ. ಅರಸನ ಕನಸು ಬರುವ ಹೊತ್ತಿಗೆ ಅದು ಜಾರಿ ನಿಕ್ಸನ್‌ರ ಬೆಳ್ಳಿಯ ದನಿ ಬರುತ್ತದೆ. ಕಿವಿಗೊಟ್ಟು ಕೇಳಿದವರಿಗೆ ಆ ಬೆಸುಗೆ ಗೊತ್ತಾಗುತ್ತದೆ, ಮತ್ತು ಗೊತ್ತಾದಾಗ ಬೇಸರವಾಗುತ್ತದೆ. ಮೊದಲ ದನಿಯಲ್ಲಿ ಎಲೈಜಾ ಇದ್ದಳು; ಎರಡನೆಯದರಲ್ಲಿ ಒಳ್ಳೆಯ ಸಂಗೀತ ಮಾತ್ರ ಇದೆ. ಹೂ ಮಾರುವ ಹುಡುಗಿಯ ಉಚ್ಚಾರಣೆ ತಿದ್ದಿ ಅವಳನ್ನು ಶ್ರೀಮಂತರ ಸಭೆಯಲ್ಲಿ ನಿಲ್ಲಿಸುವ ಕಥೆ ಇದು. ತಿದ್ದಿದ ಮೇಲೆ ಅವಳು ಯಾರು ಎಂಬುದು ಬರ್ನಾರ್ಡ್ ಷಾ ‘ಪಿಗ್ಮೇಲಿಯನ್’ನಲ್ಲಿ ಎತ್ತಿದ ಪ್ರಶ್ನೆ. ಅವಳ ಸ್ವಂತ ದನಿ ಕೇಳಿಸದ ಚಿತ್ರ ಆ ಪ್ರಶ್ನೆಗೆ ಉತ್ತರಿಸುವ ಶಕ್ತಿಯನ್ನೇ ಕಳೆದುಕೊಂಡಿದೆ. ಸೆಸಿಲ್ ಬೀಟನ್ ಹೊಲಿಸಿದ ಆಸ್ಕಟ್ ಕುದುರೆಪಂದ್ಯದ ದೃಶ್ಯದ ಕಪ್ಪು ಬಿಳುಪಿನ ಉಡುಪುಗಳು ಕಣ್ಣು ತುಂಬುತ್ತವೆ. ಚಿತ್ರಕ್ಕೆ ಎಂಟು ಆಸ್ಕರ್ ಬಂದವು, ಅದರಲ್ಲೊಂದು ಹ್ಯಾರಿಸನ್‌ಗೆ. ಹೆಪ್‌ಬರ್ನ್ ಹೆಸರು ಪಟ್ಟಿಯಲ್ಲೂ ಇರಲಿಲ್ಲ. ಆ ವರ್ಷದ ಅತ್ಯುತ್ತಮ ನಟಿ ಪ್ರಶಸ್ತಿ ‘ಮೇರಿ ಪಾಪಿನ್ಸ್’ಗಾಗಿ ಜೂಲಿ ಆಂಡ್ರ್ಯೂಸ್‌ಗೆ ಹೋಯಿತು.

‘ವೆಸ್ಟ್ ಸೈಡ್ ಸ್ಟೋರಿ’ಯ ಪ್ರೇಮಿಗಳ ದೃಶ್ಯಗಳೂ ಇದೇ ಕಾರಣಕ್ಕೆ ಸಪ್ಪೆ. ಇಬ್ಬರದೂ ಎರವಲು ದನಿ, ಒಬ್ಬರನ್ನೊಬ್ಬರು ಮುಟ್ಟುವುದೇ ಇಲ್ಲ. ಆದರೆ ಅದರ ಆರಂಭದ ಹತ್ತು ನಿಮಿಷ ಈ ಇಡೀ ಪರಂಪರೆಯ ಶಿಖರ. ಲಿಂಕನ್ ಸೆಂಟರ್‌ಗಾಗಿ ಕೆಡವಲು ಸಜ್ಜಾಗಿದ್ದ ನ್ಯೂಯಾರ್ಕಿನ ಹಳೆಯ ಬೀದಿಗಳು. ಚಿಟಿಕೆ ಹಾಕುತ್ತ ನಡೆಯುವ ಹುಡುಗರು. ನಡಿಗೆ ಯಾವ ಹೆಜ್ಜೆಯಲ್ಲಿ ಕುಣಿತವಾಯಿತೆಂದು ಹೇಳಲಾಗದು. ನೃತ್ಯ ಸಂಯೋಜಕ, ನಿರ್ದೇಶಕ ಜೆರೋಮ್ ರಾಬಿನ್ಸ್ ನೃತ್ಯವನ್ನು ಬೀದಿಗೆ ತಂದು ನಿಲ್ಲಿಸಿ ಸುಮ್ಮನಾಗಲಿಲ್ಲ, ಬೀದಿಯ ಮೈಯಿಂದಲೇ ಅದನ್ನು ಎತ್ತಿದರು. ವೆಚ್ಚವೂ ದಿನಗಳೂ ಮೀರಿದವೆಂದು ನಿರ್ಮಾಪಕರು ನಡುವೆಯೇ ಅವರನ್ನು ಹೊರಹಾಕಿದರು. ಉಳಿದದ್ದನ್ನು ಸಹನಿರ್ದೇಶಕ ರಾಬರ್ಟ್ ವೈಸ್ ಮುಗಿಸಿದರು. ಅರ್ನೆಸ್ಟ್ ಲೆಹ್‌ಮನ್ ಬರೆದ ಚಿತ್ರಕಥೆಯಲ್ಲಿನ ಎರಡು ಬದಲಾವಣೆಗಳೂ ಮುಖ್ಯ. ಪೋಲೀಸಿನವನನ್ನು ಗೇಲಿ ಮಾಡುವ ಹಾಡು ನಾಟಕದಲ್ಲಿ ಕೊಲೆಗಳ ನಂತರ ಬರುತ್ತಿತ್ತು, ಚಿತ್ರದಲ್ಲಿ ಮೊದಲೇ ಬಂತು. ಸಿಟ್ಟನ್ನು ಅದುಮಿಡುವ ಹಾಡು ಕೊಲೆಗಳ ನಂತರಕ್ಕೆ ಹೋಯಿತು. ಅಮೆರಿಕವನ್ನು ಹೊಗಳುವ, ಹಂಗಿಸುವ ಹಾಡು ನಾಟಕದಲ್ಲಿ ಹೆಂಗಸರ ನಡುವಿನದು. ಚಿತ್ರದಲ್ಲಿ ಗಂಡಸರು ಹೆಂಗಸರಿಗೆ ಎದುರಾದರು, ವಲಸೆ ಬಂದವರ ಮನೆಯೊಳಗಿನ ಜಗಳವಾಗಿ ಅದು ಹರಿತವಾಯಿತು. ಹೀಗೆ ಮರುಯೋಚನೆ ಮಾಡುವ ಧೈರ್ಯ ಈ ಪರಂಪರೆಯಲ್ಲಿ ಅಪರೂಪ.

ಅದೇ ವೈಸ್, ಅದೇ ಲೆಹ್‌ಮನ್ ‘ದಿ ಸೌಂಡ್ ಆಫ್ ಮ್ಯೂಸಿಕ್’ (1965) ಮಾಡಿದರು. ಅವರು ಸಾಲ್ಜ್‌ಬರ್ಗಿಗೆ ಹೋದದ್ದು, ಹೆಲಿಕಾಪ್ಟರಿನಿಂದ ಬೆಟ್ಟಗಳ ಮೇಲೆ ಹಾರಿ ಒಬ್ಬ ಹೆಣ್ಣಿನ ಹಾಡಿಗೆ ಇಳಿದದ್ದು ಸರಿಯಾದ ಪ್ರವೃತ್ತಿ. ಆಂಡ್ರ್ಯೂಸ್ ತಮ್ಮದೇ ಕಂಠದಲ್ಲಿ ಹಾಡುವುದರಿಂದ ಸಕ್ಕರೆಯಂಥ ಕಥೆಗೂ ಒಂದು ಮೂಳೆ ಬಂದಿದೆ. ಹಾಡಿಗೆ ಮುನ್ನ ಅವರು ಉಸಿರು ಎಳೆದುಕೊಳ್ಳುವುದನ್ನು ಗಮನಿಸಿ. (ಇದೇ ಚಿತ್ರದಲ್ಲಿ ಸನ್ಯಾಸಿನಿಯರ ಗುಂಪಿನಲ್ಲಿ ಮಾರ್ನಿ ನಿಕ್ಸನ್ ಕೊನೆಗೂ ತಮ್ಮ ಮುಖದೊಂದಿಗೆ ಕಾಣಿಸಿಕೊಳ್ಳುತ್ತಾರೆ. ಕ್ಯಾಪ್ಟನ್ ಪಾತ್ರದ ಕ್ರಿಸ್ಟೊಫರ್ ಪ್ಲಮರ್‌ಗೆ ಮಾತ್ರ ಬೇರೆಯವರ ದನಿ.) ಆದರೆ ಚಿತ್ರ ಕೈಬಿಟ್ಟದ್ದನ್ನು ನಾನು ಕ್ಷಮಿಸಲಾರೆ. ನಾಟಕದಲ್ಲಿ ಎಲ್ಸಾ ಮತ್ತು ಮ್ಯಾಕ್ಸ್ ಪಾತ್ರಗಳಿಗೆ ಎರಡು ಹಾಡುಗಳಿವೆ. ಅವುಗಳಲ್ಲಿ ಒಂದು, ನಾಜಿಗಳು ಬಂದರೆ ಬರಲಿ, ನಾವು ಹೊಂದಿಕೊಂಡು ಬದುಕೋಣ ಎಂಬ ನಯವಾದ ಸ್ವಾರ್ಥದ ಹಾಡು. ಕ್ಯಾಪ್ಟನ್ ಮತ್ತು ಎಲ್ಸಾರ ನಿಶ್ಚಿತಾರ್ಥ ಅಲ್ಲಿ ಮುರಿಯುವುದು ಈ ರಾಜಕೀಯ ಭಿನ್ನಾಭಿಪ್ರಾಯದಿಂದ. ಚಿತ್ರದಲ್ಲಿ ಆ ಹಾಡುಗಳಿಲ್ಲ. ಕ್ಯಾಪ್ಟನ್ ಮನಸ್ಸು ಆಂಡ್ರ್ಯೂಸ್ ಆಡಿದ ಮರಿಯಾ ಕಡೆ ವಾಲಿತೆಂಬುದಷ್ಟೇ ಕಾರಣ. ಬೆಟ್ಟ ಬಂತು, ವಾದ ಹೋಯಿತು. ಸಭ್ಯ ಜನ ಹೇಗೆ ರಾಜಿಯಾಗುತ್ತಾರೆ ಎಂಬುದನ್ನು ಕೇಳಿಸಿಕೊಳ್ಳುವ ಅವಕಾಶವನ್ನು ಕೋಟ್ಯಂತರ ಪ್ರೇಕ್ಷಕರು ಕಳೆದುಕೊಂಡರು.

ಈ ಚಿತ್ರದ ಗಳಿಕೆಯೇ ಹಾಲಿವುಡ್‌ಗೆ ಅಮಲೇರಿಸಿತು. ‘ಕ್ಯಾಮೆಲಾಟ್’ (1967), ‘ಹಲೋ, ಡಾಲಿ!’ (1969), ‘ಪೇಂಟ್ ಯುವರ್ ವ್ಯಾಗನ್’ (1969): ಸೆಟ್ಟು ಹಿಗ್ಗಿತು, ಕಥೆ ಬಡಕಲಾಯಿತು. ಕೊನೆಯದರಲ್ಲಿ ಲೀ ಮಾರ್ವಿನ್, ಕ್ಲಿಂಟ್ ಈಸ್ಟ್‌ವುಡ್ ತಾವೇ ಹಾಡಿದ್ದಾರೆ, ಚಿತ್ರವನ್ನು ಅದು ಉಳಿಸಿಲ್ಲ. ಸ್ವಂತ ದನಿಯೊಂದೇ ಸಾಲದು. ಹಾಡಿಗೆ ಹುಟ್ಟುವ ನೆಲವೂ ಬೇಕು.

ಆ ನೆಲವನ್ನು ನಿರ್ದೇಶಕ ಬಾಬ್ ಫಾಸಿ ‘ಕ್ಯಾಬರೆ’ಯಲ್ಲಿ ಹುಡುಕಿದ ಬಗೆ ಕಟುವಾದದ್ದು. 1966ರ ನಾಟಕದಲ್ಲಿ ಪಾತ್ರಗಳು ಮನೆಯಲ್ಲೂ ಹಾಡುತ್ತಿದ್ದವು. ಮನೆಯೊಡತಿ ಷ್ನೈಡರ್ ಮತ್ತು ಹಣ್ಣಿನ ಅಂಗಡಿಯ ಯಹೂದಿ ಷುಲ್ಟ್ಸ್ ಅವರ ಮುಪ್ಪಿನ ಪ್ರೀತಿಗೆ ಹಾಡುಗಳಿದ್ದವು. ಫಾಸಿ ಅದನ್ನೆಲ್ಲ ಕಿತ್ತು, ಹಾಡನ್ನು ಬರ್ಲಿನ್ನಿನ ಕಿಟ್ ಕ್ಯಾಟ್ ಕ್ಲಬ್ಬಿನ ವೇದಿಕೆಗೆ ಕಟ್ಟಿಹಾಕಿದರು. ಆ ಮುದಿ ಜೋಡಿಯನ್ನು ಕಳೆದುಕೊಂಡದ್ದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ. ಆದರೆ ಗಳಿಸಿದ್ದೂ ದೊಡ್ಡದು. ವೇದಿಕೆಯ ಮೇಲೆ ಕೆನ್ನೆಗೆ, ತೊಡೆಗೆ ಬಡಿದುಕೊಳ್ಳುವ ತಮಾಷೆಯ ಕುಣಿತ, ಹೊರಗೆ ಕತ್ತಲಲ್ಲಿ ನಾಜಿಗಳಿಂದ ಏಟು ತಿನ್ನುವ ಮನುಷ್ಯ. ಕತ್ತರಿಯ ಒಂದೊಂದು ಹೊಡೆತಕ್ಕೂ ನಗು ಉಸಿರುಗಟ್ಟುತ್ತದೆ. ಕ್ಲಬ್ಬಿನ ಆಚೆ ಕೇಳುವುದು ಒಂದೇ ಪೂರ್ಣ ಹಾಡು. ಬಿಸಿಲಿನ ಬಿಯರ್ ತೋಟದಲ್ಲಿ ಹೊಂಗೂದಲಿನ ಹುಡುಗನ ಮುಖ, ತಿಳಿಯಾದ ದನಿ. ಕ್ಯಾಮೆರಾ ಕೆಳಗಿಳಿದಾಗ ತೋಳಿನ ಮೇಲೆ ಸ್ವಸ್ತಿಕದ ಪಟ್ಟಿ. ಒಬ್ಬೊಬ್ಬರಾಗಿ ಎದ್ದು ಎಲ್ಲರೂ ಹಾಡುತ್ತಾರೆ, ಒಬ್ಬ ಮುದುಕ ಕುಳಿತೇ ಇರುತ್ತಾನೆ. ಆ ಹುಡುಗನಿಗೂ ದನಿ ಕೊಟ್ಟವರು ಬೇರೊಬ್ಬರು. ಇಲ್ಲಿ ಮಾತ್ರ ಆ ಎರವಲು ಸರಿಹೊಂದುತ್ತದೆ, ಏಕೆಂದರೆ ಆ ಹಾಡು ಅವನದಲ್ಲ, ಅವನೊಳಗೆ ತುಂಬಿಸಿದ್ದು. ಕ್ಲಬ್ಬಿನ ಗಾಯಕಿ ಸ್ಯಾಲಿಯ ಪಾತ್ರದ ಲೈಜಾ ಮಿನೆಲಿ ಬಗ್ಗೆ ಹಳೆಯ ತಕರಾರೊಂದಿದೆ: ಸ್ಯಾಲಿ ಸಾಧಾರಣ ಗಾಯಕಿಯಾಗಿರಬೇಕು, ಮಿನೆಲಿ ಅತಿ ಪ್ರತಿಭಾವಂತೆ. ತಕರಾರು ನ್ಯಾಯವಾದದ್ದೇ. ಆದರೂ ಆ ಕಂಠದ ಹಸಿವು ಸ್ಯಾಲಿಯದೇ ಎಂದು ನನಗನ್ನಿಸುತ್ತದೆ.

‘ಕ್ಯಾಬರೆ’ಯ ನಂತರ ಪರಂಪರೆ ತೆಳುವಾಯಿತು. 2012ರ ‘ಲೆ ಮಿಸರಾಬ್ಲ್’ನಲ್ಲಿ ಎಲ್ಲ ನಟರೂ ಸೆಟ್ಟಿನಲ್ಲೇ ಹಾಡಿದರು, ಹ್ಯಾರಿಸನ್ ಹಟ ಇಡೀ ಚಿತ್ರದ ಪದ್ಧತಿಯಾಯಿತು. ಆನ್ ಹ್ಯಾಥವೇಯ ಒಂದು ಹಾಡು ಅದರಿಂದ ಬೆಂಕಿಯಾಯಿತು, ಉಳಿದವು ಕ್ಲೋಸಪ್ಪಿನ ಒತ್ತಡದಲ್ಲಿ ನಲುಗಿದವು. 2021ರಲ್ಲಿ ಸ್ಪೀಲ್‌ಬರ್ಗ್ ‘ವೆಸ್ಟ್ ಸೈಡ್ ಸ್ಟೋರಿ’ಯನ್ನು ಮತ್ತೆ ಮಾಡಿದಾಗ ನಟರು ತಮ್ಮ ದನಿಯಲ್ಲೇ ಹಾಡಿದರು. 1961ರ ಚಿತ್ರದಲ್ಲಿ ಅನಿಟಾ ಆಗಿದ್ದ ಪೋರ್ಟೊ ರಿಕೊ ಮೂಲದ ರೀಟಾ ಮೊರೆನೊಗೆ ಆಗ ಇನ್ನಷ್ಟು ಕಂದು ಬಣ್ಣ ಬಳಿದಿದ್ದರು. ಸಾವಿನ ನಂತರದ ಕಷ್ಟದ ಹಾಡಿಗೆ ಬೇರೆ ಗಾಯಕಿಯ ದನಿ ಹಾಕಿದ್ದರು. ಹೊಸ ಚಿತ್ರದಲ್ಲಿ ಮೊರೆನೊ ಅಂಗಡಿ ನಡೆಸುವ ವಿಧವೆ ವ್ಯಾಲೆಂಟಿನಾ. ನಾಟಕದ ಅತಿ ಪ್ರಸಿದ್ಧ ಹಾಡೊಂದನ್ನು ಮೊದಲ ಚಿತ್ರ ಎಳೆಯ ಪ್ರೇಮಿಗಳ ಬಾಯಿಗೆ ಕೊಟ್ಟಿತ್ತು. ಇಲ್ಲಿ ತೊಂಬತ್ತರ ಹೊಸ್ತಿಲಲ್ಲಿದ್ದ ಮೊರೆನೊ ಸ್ವಂತ ದನಿಯಲ್ಲಿ ಅದನ್ನು ಹಾಡುತ್ತಾರೆ. ನಮಗೂ ಒಂದು ಜಾಗ ಸಿಕ್ಕೀತು ಎಂಬ ಆ ಹಾಡಿನ ಆಸೆ ಅವರ ಬಾಯಲ್ಲಿ ಪ್ರೇಮಿಗಳ ಕನಸಾಗಿ ಉಳಿಯುವುದಿಲ್ಲ; ಕೇರಿ ಕಣ್ಣೆದುರೇ ನೆಲಸಮವಾಗುತ್ತಿರುವ ಒಂದು ಜನಸಮುದಾಯದ ಬೇಡಿಕೆಯಾಗುತ್ತದೆ.